ಕಟ್ಟುವುದು ಮತ್ತು ಕಾಯುವುದು

ಕಟ್ಟುವುದು ಒಂದು ಸಾಹಸ. ಕಟ್ಟಿದ್ದನ್ನು ಕಾಯ್ದುಕೊಳ್ಳುವುದು ಇನ್ನೊಂದು. ಹುಲ್ಲಹಳ್ಳಿಯಲ್ಲಿ ಕಪಿಲೆಗೆ ಅಡ್ಡಲಾಗಿರುವ ಹಳೆಯ ಅಣೆಕಟ್ಟೆಯನ್ನು ಬಲ್ಲವರಿಗೆ ಈ ಮಾತು ಹೊಸದಲ್ಲ. ನಾಲೆಯ ಹೂಳೆತ್ತದಿದ್ದರೆ ನೀರು ಗದ್ದೆಯನ್ನು ಮುಟ್ಟದು. ಬಾಹ್ಯಾಕಾಶ ನಿಲ್ದಾಣಗಳ ಚರಿತ್ರೆಯೂ ಇದೇ ಪಾಠವನ್ನು ಹೇಳುತ್ತದೆ.

ಸುಮಾರು 400 ಕಿಲೋಮೀಟರು ಎತ್ತರದಲ್ಲಿ, ಗಂಟೆಗೆ 28,000 ಕಿಲೋಮೀಟರು ವೇಗದಲ್ಲಿ ಸುತ್ತುವ ನಿಲ್ದಾಣವು ವಾಸ್ತವವಾಗಿ ಸದಾ ಬೀಳುತ್ತಲೇ ಇರುತ್ತದೆ. ಅದು ಬೀಳುವಷ್ಟೇ ಭೂಮಿಯ ಮೈಯೂ ಬಾಗಿರುವುದರಿಂದ ನೆಲ ಸಿಕ್ಕುವುದಿಲ್ಲ. ಆದರೆ ಅಲ್ಲಿಯೂ ಗಾಳಿಯ ಲೇಶವುಂಟು. ಅದರ ತಡೆಯಿಂದ ನಿಲ್ದಾಣವು ಮೆಲ್ಲಮೆಲ್ಲನೆ ಕೆಳಗಿಳಿಯುತ್ತದೆ; ಆಗಾಗ ರಾಕೆಟ್ಟು ಉರಿಸಿ ಮೇಲಕ್ಕೆ ತಳ್ಳಬೇಕು.

ಅಮೆರಿಕದವರು 1973ರಲ್ಲಿ ಹಾರಿಸಿದ ಸ್ಕೈಲ್ಯಾಬಿಗೆ ಈ ಆಸರೆ ದೊರೆಯಲಿಲ್ಲ. ಸೂರ್ಯನ ಚಟುವಟಿಕೆ ಎಣಿಕೆಯನ್ನು ಮೀರಿ, ಮೇಲಣ ವಾಯುಮಂಡಲ ಉಬ್ಬಿತು. ಅದನ್ನು ಎತ್ತಬೇಕಾಗಿದ್ದ ಸ್ಪೇಸ್ ಷಟಲ್ ಇನ್ನೂ ಸಿದ್ಧವಾಗಿರಲಿಲ್ಲ. 1979ರ ಜುಲೈ 11ರಂದು ಅದು ಚೂರುಚೂರಾಗಿ ಹಿಂದೂ ಮಹಾಸಾಗರ ಮತ್ತು ಪಶ್ಚಿಮ ಆಸ್ಟ್ರೇಲಿಯಗಳ ಮೇಲೆ ಉದುರಿತು. ಆ ದಿನಗಳಲ್ಲಿ ನಮ್ಮ ಕಡೆಯ ಜಗಲಿಗಳ ಮೇಲೂ ಅದರದೇ ಮಾತು. ತಲೆಯ ಮೇಲೆ ಬಿದ್ದೀತೆಂದು ಹಿರಿಯರು ಅಂಜಿದ್ದನ್ನು ನಾನು ಕಂಡಿದ್ದೇನೆ.

ಮೊದಲ ನಿಲ್ದಾಣವಾದ ಸಾಲ್ಯೂತನ್ನು 1971ರಲ್ಲೇ ಏರಿಸಿದ್ದವರು ಸೋವಿಯತ್ತರು. 1984ರಲ್ಲಿ ನಮ್ಮ ರಾಕೇಶ್ ಶರ್ಮ ಅವರು ಸಾಲ್ಯೂತ್-7ರಲ್ಲಿ ಅತಿಥಿಯಾಗಿದ್ದರು. 1986ರಲ್ಲಿ ಆರಂಭವಾದ ಮೀರ್ ನಿಲ್ದಾಣವು ಹತ್ತು ವರ್ಷಗಳಲ್ಲಿ, ಮನೆಗೆ ಅಂಕಣ ಸೇರಿಸುವಂತೆ, ಭಾಗಭಾಗವಾಗಿ ಬೆಳೆಯಿತು. ಆಯುಷ್ಯ ತೀರಿದಾಗ, 2001ರಲ್ಲಿ, ಅದನ್ನು ಲೆಕ್ಕಹಾಕಿ ಪೆಸಿಫಿಕ್ ಸಾಗರಕ್ಕೆ ಇಳಿಸಲಾಯಿತು. ಅಂತರರಾಷ್ಟ್ರೀಯ ನಿಲ್ದಾಣವೂ ಇದೇ ಕ್ರಮದ್ದು: 1998ರ ನವೆಂಬರಿನಲ್ಲಿ ಕಜಾಕಸ್ತಾನದಿಂದ ಜಾರ್ಯಾ ಏರಿತು; ಮರುತಿಂಗಳೇ ಅಮೆರಿಕದ ಯೂನಿಟಿ ಅದಕ್ಕೆ ಕೂಡಿಕೊಂಡಿತು. 2000ದ ನವೆಂಬರಿನಿಂದ ಆ ಮನೆಯಲ್ಲಿ ದೀಪ ಆರಿಲ್ಲ. 2025ರಲ್ಲಿ ಶುಭಾಂಶು ಶುಕ್ಲ ಅವರು ಅಲ್ಲಿಗೆ ಹೋದಾಗ, ಮೊಳಕೆಯ ಪರೀಕ್ಷೆಗೆಂದು ಧಾರವಾಡದ ಹೆಸರುಕಾಳು, ಮೆಂತ್ಯಗಳೂ ಜೊತೆಗೆ ಹೋದವು.

ಹೀಗೆ ಅಂಕಣಗಳು ಕೂಡಬೇಕಾದರೆ ಓಡುವ ಎರಡು ನೌಕೆಗಳು ಮೆತ್ತಗೆ ಸಂಧಿಸಬೇಕು. ಈ ವಿದ್ಯೆಯನ್ನು ಭಾರತ ಕಲಿತದ್ದು ಸ್ಪೇಡೆಕ್ಸ್ ಪ್ರಯೋಗದಲ್ಲಿ. 2024ರ ಡಿಸೆಂಬರ್ 30ರಂದು ಸುಮಾರು 220 ಕಿಲೋಗ್ರಾಂ ತೂಕದ ಎರಡು ನೌಕೆಗಳು ಏರಿದವು. ಬೆಂಗಳೂರಿನ ವಿಜ್ಞಾನಿಗಳು ಅವಸರಪಡದೆ, ಗೊತ್ತುಮಾಡಿದ ದಿನವನ್ನೇ ಮುಂದೂಡಿ, 2025ರ ಜನವರಿ 16ರಂದು ಅವನ್ನು ಒಂದುಗೂಡಿಸಿದರು. ಇದನ್ನು ಸಾಧಿಸಿದ ನಾಲ್ಕನೆಯ ದೇಶ ನಮ್ಮದಾಯಿತು.

2035ರ ಹೊತ್ತಿಗೆ ಸ್ವಂತ ನಿಲ್ದಾಣವನ್ನು ಕಟ್ಟಬೇಕೆಂಬುದು ನಮ್ಮ ಸಂಕಲ್ಪ. ಅದು ಏರಿದ ದಿನ ದೇಶವೆಲ್ಲ ಚಪ್ಪಾಳೆ ತಟ್ಟುವುದು ಸಹಜ. ಅನಂತರ ವರ್ಷವರ್ಷವೂ ಇಂಧನ ಒಯ್ದು, ಬಿರುಕು ಮುಚ್ಚಿ, ಜಾರಿದಷ್ಟನ್ನು ಮತ್ತೆ ಎತ್ತುವ ಸದ್ದಿಲ್ಲದ ಕೆಲಸಕ್ಕೂ ನಾವು ಅಷ್ಟೇ ಮನಸ್ಸು, ಅಷ್ಟೇ ಹಣ ಕೊಡುವೆವೆ? ಸ್ಕೈಲ್ಯಾಬಿನ ಚೂರುಗಳು ನಮ್ಮ ಮುಂದಿಟ್ಟಿರುವ ಪ್ರಶ್ನೆ ಇದೇ.