ಪುಪ್ಪುಸದ ಕಸಿ: ಉಳಿದವರ ಪಾಡು

1963ರ ಜೂನ್ 11ರಂದು ಅಮೆರಿಕದ ಮಿಸಿಸಿಪಿಯಲ್ಲಿ ಡಾ. ಜೇಮ್ಸ್ ಹಾರ್ಡಿಯವರು ಮನುಷ್ಯನಿಗೆ ಮೊತ್ತಮೊದಲು ಪುಪ್ಪುಸವನ್ನು ಕಸಿ ಮಾಡಿದರು. ರೋಗಿ ಉಳಿದುದು 18 ದಿನ. ಸೈಕ್ಲೊಸ್ಪೊರಿನ್ ಔಷಧ ಬಂದ ಬಳಿಕ, 1983ರಲ್ಲಿ ಟೊರಾಂಟೊದ ಡಾ. ಜೋಯಲ್ ಕೂಪರರಿಂದ ಕಸಿ ಪಡೆದವನು ಆರು ವರ್ಷಕ್ಕೂ ಮಿಕ್ಕಿ ಬಾಳಿದನು. ಗ್ರಂಥಕಾರರು ಸಾಮಾನ್ಯವಾಗಿ ಕಥೆಯನ್ನು ಇಲ್ಲಿಗೇ ಮುಗಿಸುವುದುಂಟು. ರೋಗಿಯ ಕಥೆಯಾದರೋ ಇಲ್ಲಿಂದಲೇ ಆರಂಭ. 1984ರಲ್ಲಿ ಸ್ಟ್ಯಾನ್‌ಫರ್ಡ್ ವೈದ್ಯರು, ಹೃದಯ-ಪುಪ್ಪುಸಗಳೆರಡನ್ನೂ ಪಡೆದವರಲ್ಲಿ ಕಿರಿಯ ಶ್ವಾಸನಾಳಗಳು ಕಲೆಗಟ್ಟಿ ಮುಚ್ಚಿಹೋಗುವುದನ್ನು ವರದಿಮಾಡಿದರು. ಒಮ್ಮೆ ಹಿಂಗಿದ್ದ ಏದುಸಿರು ಮರಳುತ್ತದೆ; ಮೆಟ್ಟಿಲು ಮತ್ತೆ ಬೆಟ್ಟವಾಗುತ್ತದೆ. ಪರಕೀಯ ಅಂಗವನ್ನು ದೇಹವು ತಿರಸ್ಕರಿಸದಂತೆ ತಡೆಯುವ ಔಷಧವೇ ಮೂತ್ರಪಿಂಡಗಳನ್ನು ಕೆಡಿಸುತ್ತದೆ, ಸೋಂಕಿಗೆ ಬಾಗಿಲು ತೆರೆಯುತ್ತದೆ. ಬಿಟ್ಟರೆ ಪುಪ್ಪುಸವೇ ಹೋದೀತು. ಇಂದಿಗೂ ಐದು ವರ್ಷಗಳೊಳಗೆ ಸುಮಾರು ಅರ್ಧದಷ್ಟು ಮಂದಿಯಲ್ಲಿ ಈ ದೀರ್ಘಕಾಲದ ಕುಂದು ತಲೆದೋರುತ್ತದೆ.