ಸಿರಿಗೆರೆಯಲ್ಲಿ ಗಣಕಕ್ಕಿಳಿದ ಪಾಣಿನಿ

ಚಿತ್ರದುರ್ಗ ತಾಲ್ಲೂಕಿನ ಸಿರಿಗೆರೆ ಎಂದೊಡನೆ ತರಳಬಾಳು ಬೃಹನ್ಮಠ, ಅಲ್ಲಿನ ಶಾಲೆ-ಕಾಲೇಜು, ಸದ್ಧರ್ಮ ನ್ಯಾಯಪೀಠ ನೆನಪಾಗುತ್ತವೆ. ಕನ್ನಡ ನಾಡಿನ ಪ್ರೋಗ್ರಾಮಿಂಗ್ ಚರಿತ್ರೆಯಲ್ಲೂ ಈ ಊರಿಗೆ ಒಂದು ಪುಟ ಸಲ್ಲಬೇಕು. 1979ರಲ್ಲಿ ಪೀಠವೇರಿದ ಡಾ. ಶಿವಮೂರ್ತಿ ಶಿವಾಚಾರ್ಯ ಸ್ವಾಮೀಜಿ ಪಾಣಿನಿಯ ಸಂಸ್ಕೃತ ವ್ಯಾಕರಣ 'ಅಷ್ಟಾಧ್ಯಾಯಿ'ಯನ್ನು ಕಂಪ್ಯೂಟರಿಗೆ ಇಳಿಸಿ 'ಗಣಕಾಷ್ಟಾಧ್ಯಾಯಿ' ಎಂಬ ತಂತ್ರಾಂಶವನ್ನು ರೂಪಿಸಿದರು.

ಸ್ವಾಮೀಜಿ ಎಂಜಿನಿಯರಿಂಗ್ ಓದಿದವರಲ್ಲ. ಅವರದು ಕಾಶಿಯಲ್ಲಿ ಕಲಿತ ಸಂಸ್ಕೃತ, ಆಮೇಲೆ ವಿಯೆನ್ನಾದಲ್ಲಿ ನಡೆಸಿದ ಸಂಶೋಧನೆ. ಪ್ರೋಗ್ರಾಮಿಂಗ್ ಅವರಿಗೆ ಒಲಿದದ್ದು ತಾವು ಚೆನ್ನಾಗಿ ಬಲ್ಲ ವಿಷಯವೊಂದರ ಕೈ ಹಿಡಿದು. ಹೊಸಬರು ಈ ವಿದ್ಯೆಯನ್ನು ಹೇಗೆ ಕಲಿಯಬೇಕು ಎಂಬ ಪ್ರಶ್ನೆಗೆ ಸಿರಿಗೆರೆಯಲ್ಲಿ ಸಿಗುವ ಉತ್ತರ ಇದೇ.

ಅಷ್ಟಾಧ್ಯಾಯಿಯಲ್ಲಿರುವುದು ಎಂಟು ಅಧ್ಯಾಯ, ಮೂವತ್ತೆರಡು ಪಾದ, ಸುಮಾರು 4,000 ಸೂತ್ರ. ಇಷ್ಟನ್ನೂ ಒಮ್ಮೆಗೇ ಯಾರೂ ಕಂಪ್ಯೂಟರಿಗೆ ಹೇಳಿಕೊಡಲಾರರು. ಒಂದು ಪದ, ಒಂದು ವಿಭಕ್ತಿ ಸಾಕು. 'ರಾಮ' ಶಬ್ದದ ತೃತೀಯಾ ಏಕವಚನವನ್ನೇ ನೋಡಿ. ಮೊದಲು 'ಟಾ' ಪ್ರತ್ಯಯ ಬರುತ್ತದೆ. ಅಕಾರಾಂತ ಪದದ ಮುಂದೆ ಅದು 'ಇನ' ಆಗುತ್ತದೆ. ಅಕಾರ, ಇಕಾರ ಸೇರಿ ಏಕಾರವಾಗುತ್ತದೆ. ಈಗ ಸಿಕ್ಕಿದ್ದು 'ರಾಮೇನ'. ಹಿಂದೆ ರೇಫವಿರುವುದರಿಂದ ನಕಾರ ಣಕಾರವಾಗಿ, ಕೊನೆಗೆ 'ರಾಮೇಣ'.

ಇಷ್ಟನ್ನು ಬರೆದ ಹೊಸಬನಿಗೆ ಗೆದ್ದೆ ಎನ್ನಿಸುತ್ತದೆ. 'ದೇವ' ಶಬ್ದ ಕೊಟ್ಟು ನೋಡಿದರೆ 'ದೇವೇನ' ಎಂದು ಸರಿಯಾಗಿಯೇ ಬರುತ್ತದೆ, ಅದರಲ್ಲಿ ರೇಫವಿಲ್ಲ. 'ರಥ' ಕೊಟ್ಟಾಗ ಮಾತ್ರ ಪ್ರೋಗ್ರಾಂ 'ರಥೇಣ' ಎಂದು ತಪ್ಪು ಹೇಳುತ್ತದೆ. ಸರಿಯಾದ ರೂಪ 'ರಥೇನ'. ರೇಫಕ್ಕೂ ನಕಾರಕ್ಕೂ ನಡುವೆ ಸ್ವರ, ಕವರ್ಗ, ಪವರ್ಗದಂಥ ವರ್ಣಗಳಿದ್ದರೆ ಅಡ್ಡಿಯಿಲ್ಲ, ಥಕಾರ ಬಂದರೆ ತಡೆಯುತ್ತದೆ. ಪಾಣಿನಿ ಇದನ್ನು ಮುಂಚೆಯೇ ಹೇಳಿಟ್ಟಿದ್ದಾನೆ. ಷರತ್ತು, ಆವರ್ತನೆ, ಪರೀಕ್ಷೆ, ತಿದ್ದುಪಡಿ ಎಂದು ಪಠ್ಯಪುಸ್ತಕಗಳು ಬೇರೆ ಬೇರೆ ಅಧ್ಯಾಯಗಳಲ್ಲಿ ಕಲಿಸುವುದೆಲ್ಲ ಈ ಮೂರು ಪದಗಳಲ್ಲೇ ಎದುರಾಗುತ್ತದೆ. ಸೂತ್ರಗಳ ಸರದಿಯೂ ಮುಖ್ಯ. ಣಕಾರದ ನಿಯಮವಿರುವುದು ಅಷ್ಟಾಧ್ಯಾಯಿಯ ಕೊನೆಯ ಪಾದದಲ್ಲಿ, ಅದನ್ನು ಅನ್ವಯಿಸುವುದೂ ಕೊನೆಗೇ.

ಪಾಣಿನಿಗೂ ಕಂಪ್ಯೂಟರಿಗೂ ನಂಟು ಕಲ್ಪಿಸಿದವರು ಹೊರಗೂ ಇದ್ದರು. ಪ್ರೋಗ್ರಾಮಿಂಗ್ ಭಾಷೆಗಳ ವ್ಯಾಕರಣ ಬರೆಯಲು ಬಳಸುವ ಜಾನ್ ಬ್ಯಾಕಸ್ ಹೆಸರಿನ ಸಂಕೇತಪದ್ಧತಿಗೆ ಪಾಣಿನಿಯ ಹೆಸರನ್ನೂ ಸೇರಿಸಬೇಕೆಂದು ಪೀಟರ್ ಇಂಗರ್‌ಮನ್ 1967ರಲ್ಲೇ ಸೂಚಿಸಿದ್ದರು. 1985ರಲ್ಲಿ ರಿಕ್ ಬ್ರಿಗ್ಸ್ ಸಂಸ್ಕೃತ ಮತ್ತು ಕೃತಕ ಬುದ್ಧಿಮತ್ತೆಯನ್ನು ಕುರಿತು ಬರೆದ ಲೇಖನ ದೊಡ್ಡ ಸದ್ದು ಮಾಡಿತು. 'ಸಂಸ್ಕೃತವೇ ಕಂಪ್ಯೂಟರಿಗೆ ಅತ್ಯುತ್ತಮ ಭಾಷೆ' ಎಂಬ ಉತ್ಪ್ರೇಕ್ಷೆ ಊರೂರು ಸುತ್ತಿದ್ದು ಆಮೇಲೆ. ಆ ಘೋಷಣೆಗಿಂತ ಕೂತು ಸೂತ್ರಗಳನ್ನು ಪ್ರೋಗ್ರಾಮಾಗಿ ಬರೆದ ಸಿರಿಗೆರೆಯ ಕೆಲಸ ಸಾವಿರ ಪಾಲು ಮೇಲು.

ಕನ್ನಡದ ಗಣಕ ಚರಿತ್ರೆಯೂ ಹೀಗೆ ಅಗತ್ಯದಿಂದಲೇ ಬೆಳೆದಿದೆ. ಮುದ್ರಣ, ಲಿಪಿಗಳ ಅಧ್ಯಯನದಲ್ಲಿ ತೊಡಗಿದ್ದ ಕೆ.ಪಿ. ರಾವ್ ಕನ್ನಡದ ಕೀಲಿಮಣೆ ವಿನ್ಯಾಸವನ್ನು ರೂಪಿಸಿ, ತಮ್ಮ ತಂತ್ರಾಂಶಕ್ಕೆ ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರಿಟ್ಟು ಉಚಿತವಾಗಿ ಹಂಚಿದರು. 'ನುಡಿ' ತಂತ್ರಾಂಶದಲ್ಲಿ ಟೈಪ್ ಮಾಡುವವರ ಬೆರಳ ತುದಿಯಲ್ಲಿ ಇಂದಿಗೂ ಇರುವುದು ಆ ವಿನ್ಯಾಸವೇ. ಶೇಷಾದ್ರಿವಾಸು ಚಂದ್ರಶೇಖರನ್ 1998ರಲ್ಲಿ 'ಬರಹ' ತಂತ್ರಾಂಶವನ್ನು ಹೊರತಂದರು. 1993ರಲ್ಲಿ ಸರ್ಕಾರ ಪ್ರಕಟಿಸಿದ ಸಮಗ್ರ ವಚನ ಸಂಪುಟಗಳ ನಂತರ ವಚನಗಳನ್ನೂ ಕಂಪ್ಯೂಟರಿನಲ್ಲಿ ಹುಡುಕಿ ಓದುವ ಏರ್ಪಾಡುಗಳು ಬಂದವು. 'ವಚನ ಸಂಚಯ' ಅಂಥದೊಂದು. ಯಾವ ಶರಣ ಯಾವ ಪದವನ್ನು ಎಲ್ಲೆಲ್ಲಿ ಬಳಸಿದ್ದಾನೆ ಎಂದು ಈಗ ಕ್ಷಣದಲ್ಲಿ ತಿಳಿಯುತ್ತದೆ.

ಇಂದಿನ ವಿದ್ಯಾರ್ಥಿಗೆ ದಾರಿ ಇನ್ನೂ ಸಲೀಸು. 1991ರ ಮೊದಲ ಆವೃತ್ತಿಯಲ್ಲೇ ಯುನಿಕೋಡ್ ಕನ್ನಡಕ್ಕೆ ಜಾಗ ಕೊಟ್ಟಿತ್ತು. ಪೈಥಾನ್ ಭಾಷೆ ಉಚಿತ, ಕನ್ನಡ ಅಕ್ಷರಗಳನ್ನು ಅದು ನೇರವಾಗಿ ಓದುತ್ತದೆ. ಆದರೂ ಹೊಳಲ್ಕೆರೆ, ಹೊಸದುರ್ಗ, ಹಿರಿಯೂರಿನ ಮಕ್ಕಳು ಪ್ರೋಗ್ರಾಮಿಂಗ್ ಎಂದರೆ ಬೆಂಗಳೂರಿಗೆ ಹೋಗಿ ಶುಲ್ಕ ಕಟ್ಟಿ ಕಲಿಯುವ ವಿದ್ಯೆ ಎಂದುಕೊಳ್ಳುವುದು ನೋವಿನ ಸಂಗತಿ.

ಕನ್ನಡ ಮೇಷ್ಟ್ರೂ ಕಂಪ್ಯೂಟರ್ ಮೇಷ್ಟ್ರೂ ಒಂದು ತರಗತಿಯಲ್ಲಿ ಜೊತೆಗೆ ನಿಲ್ಲಲಿ. ಆದೇಶ ಸಂಧಿಯಿಂದ ಶುರು ಮಾಡಲಿ: ಉತ್ತರಪದದ ಮೊದಲಿನ ಕ, ತ, ಪಗಳು ಗ, ದ, ಬ ಆಗಬೇಕು. 'ಮಳೆ', 'ಕಾಲ' ಎಂದು ಕೊಟ್ಟರೆ ಪ್ರೋಗ್ರಾಂ 'ಮಳೆಗಾಲ' ಎನ್ನಬೇಕು. 'ಕಾ' ನಮಗೆ ಒಂದೇ ಅಕ್ಷರವಾದರೂ ಕಂಪ್ಯೂಟರಿಗೆ ಎರಡು ಸಂಕೇತ ಎಂಬುದು ಮಕ್ಕಳಿಗೆ ಆಗಲೇ ತಿಳಿಯುತ್ತದೆ. ಬಳಿಕ 'ಕೈ', 'ಕಾಲು' ಕೊಡಲಿ. ಅದು 'ಕೈಗಾಲು' ಎಂದಾಗ, ಯಾಕೆ ತಪ್ಪಿತು ಎಂದು ಮಕ್ಕಳೇ ಕಂಡುಹಿಡಿಯಲಿ. ವ್ಯಾಕರಣವೂ ಪ್ರೋಗ್ರಾಮಿಂಗೂ ಒಂದೇ ಪಾಠದಲ್ಲಿ ಮುಗಿಯುವ ಇಂಥ ತರಗತಿ ಸಿರಿಗೆರೆಯ ಸುತ್ತಲಿನ ಶಾಲೆಗಳಲ್ಲಿ ಈ ವರ್ಷವೇ ಶುರುವಾಗಲಿ.