ಮೂರು ಬೆಳಕುಗಳ ಸಾಕ್ಷ್ಯ

ಮೊದಲ ಕಪ್ಪು ಕುಳಿಯನ್ನು ಯಾವ ದೂರದರ್ಶಕ ಪತ್ತೆಹಚ್ಚಿತು ಎಂಬ ಪ್ರಶ್ನೆಗೆ ಒಂದೇ ಹೆಸರಿನ ಉತ್ತರವಿಲ್ಲ. ರಾಜಹಂಸ ನಕ್ಷತ್ರಪುಂಜದ ಸಿಗ್ನಸ್ ಎಕ್ಸ್-1 ಕಪ್ಪು ಕುಳಿಯೇ ಎಂದು ವಿಜ್ಞಾನಿಗಳು ಒಪ್ಪಬೇಕಾದರೆ ಎಕ್ಸ್-ಕಿರಣ, ರೇಡಿಯೋ ಅಲೆ ಮತ್ತು ಕಣ್ಣಿಗೆ ಕಾಣುವ ಬೆಳಕು ಮೂರೂ ಸಾಕ್ಷಿ ಹೇಳಬೇಕಾಯಿತು. ಪ್ರತಿಯೊಂದಕ್ಕೂ ಗೊತ್ತಿದ್ದದ್ದು ಕಥೆಯ ಒಂದು ಭಾಗ ಮಾತ್ರ.

ನಮ್ಮ ವಾತಾವರಣ ಎಕ್ಸ್-ಕಿರಣಗಳನ್ನು ನೆಲದವರೆಗೆ ಬಿಡುವುದಿಲ್ಲ. ಹಾಗಾಗಿ ಈ ಖಗೋಳಶಾಸ್ತ್ರ ಶುರುವಾದದ್ದೇ ರಾಕೆಟ್‌ಗಳ ಕಾಲದಲ್ಲಿ. 1962ರ ಜೂನ್‌ನಲ್ಲಿ ರಿಕಾರ್ಡೊ ಜಿಯಕೋನಿ ಅವರ ತಂಡ ನ್ಯೂ ಮೆಕ್ಸಿಕೋದಿಂದ ಹಾರಿಸಿದ ರಾಕೆಟ್, ಸೌರವ್ಯೂಹದಾಚೆಯ ಮೊದಲ ಎಕ್ಸ್-ಕಿರಣ ಮೂಲವನ್ನು ವೃಶ್ಚಿಕದ ದಿಕ್ಕಿನಲ್ಲಿ ಕಂಡಿತು. 1964ರಲ್ಲಿ ಇನ್ನೊಂದು ರಾಕೆಟ್‌ಗೆ ಸಿಗ್ನಸ್ ಎಕ್ಸ್-1 ಸಿಕ್ಕಿತು. ಆದರೆ ಇಂಥ ಹಾರಾಟದಲ್ಲಿ ಆಕಾಶ ನೋಡಲು ಸಿಗುತ್ತಿದ್ದದ್ದು ಕೆಲವೇ ನಿಮಿಷ.

1970ರ ಡಿಸೆಂಬರ್ 12, ಕೆನ್ಯಾದ ಸ್ವಾತಂತ್ರ್ಯ ದಿನ. ಅಂದು ಆ ದೇಶದ ಕರಾವಳಿಯಾಚೆಯ ಸಮುದ್ರವೇದಿಕೆಯಿಂದ ಹಾರಿದ ಉಪಗ್ರಹಕ್ಕೆ ಸ್ವಾಹಿಲಿಯಲ್ಲಿ 'ಸ್ವಾತಂತ್ರ್ಯ' ಎಂಬರ್ಥದ 'ಉಹುರು' ಎಂದೇ ಹೆಸರಿಟ್ಟರು. ಸಿಗ್ನಸ್ ಎಕ್ಸ್-1ರ ಕಿರಣಗಳು ಸೆಕೆಂಡಿಗಿಂತ ಕಡಿಮೆ ಅವಧಿಯಲ್ಲಿ ಏರಿಳಿಯುತ್ತಿರುವುದನ್ನು ಉಹುರು ಗಮನಿಸಿತು. ಬೆಳಕು ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್ ಸಾಗುತ್ತದೆ. ಅಷ್ಟು ಬೇಗ ಮಿನುಗುವ ಜಾಗ ಅದಕ್ಕಿಂತ ದೊಡ್ಡದಿರಲಾರದು. ಸೂರ್ಯನ ವ್ಯಾಸವೇ ಸುಮಾರು 14 ಲಕ್ಷ ಕಿಲೋಮೀಟರ್! ವಸ್ತು ತೀರ ಚಿಕ್ಕದು ಎಂಬುದೇನೋ ಖಚಿತವಾಯಿತು. ಆದರೆ ಆಕಾಶದ ಆ ತುಣುಕಿನಲ್ಲಿದ್ದ ಅನೇಕ ನಕ್ಷತ್ರಗಳಲ್ಲಿ ಯಾವುದು ಎಂದು ಹೇಳುವಷ್ಟು ನಿಖರತೆ ಉಹುರುವಿಗೆ ಇರಲಿಲ್ಲ.

ವಿಳಾಸ ಕೊಟ್ಟದ್ದು ರೇಡಿಯೋ. 1971ರ ವಸಂತದಲ್ಲಿ ಆ ಪ್ರದೇಶದಲ್ಲಿ ಹೊಸದೊಂದು ರೇಡಿಯೋ ಮೂಲ ಕಾಣಿಸಿಕೊಂಡದ್ದನ್ನು ನೆದರ್ಲೆಂಡ್ಸ್‌ನ ವೆಸ್ಟರ್‌ಬೋರ್ಕ್ ಮತ್ತು ಅಮೆರಿಕದ ಗ್ರೀನ್ ಬ್ಯಾಂಕ್ ದೂರದರ್ಶಕಗಳು ದಾಖಲಿಸಿದವು. ಸರಿಸುಮಾರು ಅದೇ ಹೊತ್ತಿಗೆ ಸಿಗ್ನಸ್ ಎಕ್ಸ್-1ರ ಕಡಿಮೆ ಶಕ್ತಿಯ ಎಕ್ಸ್-ಕಿರಣಗಳು ಕುಸಿದದ್ದು ಉಹುರುವಿನ ದತ್ತಾಂಶದಲ್ಲಿತ್ತು. ಎರಡು ಸರ್ವರ್‌ಗಳ ಲಾಗ್‌ಗಳಲ್ಲಿ ಸಮಯ ತಾಳೆ ನೋಡಿ ಮೂಲ ಕಾರಣ ಹುಡುಕುವವರಿಗೆ ಈ ತರ್ಕ ಹೊಸತಲ್ಲ. ಎರಡೂ ಒಂದೇ ವಸ್ತು ಎಂದಾಯಿತು. ರೇಡಿಯೋ ತೋರಿಸಿದ ಜಾಗದಲ್ಲಿದ್ದದ್ದು ಬರಿಗಣ್ಣಿಗೆ ಕಾಣದ, ಎಚ್‌ಡಿಇ 226868 ಎಂಬ ನೀಲಿ ದೈತ್ಯ ನಕ್ಷತ್ರ.

ಇನ್ನು ತೂಕದ ಪ್ರಶ್ನೆ. ಇಂಗ್ಲೆಂಡಿನಲ್ಲಿ ಲೂಯಿಸ್ ವೆಬ್‌ಸ್ಟರ್ ಮತ್ತು ಪಾಲ್ ಮರ್ಡಿನ್, ಕೆನಡಾದಲ್ಲಿ ಟಾಮ್ ಬೋಲ್ಟನ್ ಈ ನಕ್ಷತ್ರದ ರೋಹಿತವನ್ನು ಅಳೆದರು. ಅದರ ಗೆರೆಗಳು 5.6 ದಿನಕ್ಕೊಮ್ಮೆ ಹಿಂದೆ ಮುಂದೆ ಸರಿಯುತ್ತಿದ್ದವು. ಅಂದರೆ ಕಾಣದ ಸಂಗಾತಿಯೊಂದು ಇಷ್ಟು ದೊಡ್ಡ ನಕ್ಷತ್ರವನ್ನು ಎಳೆದಾಡಿಸುತ್ತಿತ್ತು. ಲೆಕ್ಕ ಹಾಕಿದರೆ ಅದರ ತೂಕ, ನ್ಯೂಟ್ರಾನ್ ನಕ್ಷತ್ರಕ್ಕೆ ಸಾಧ್ಯವಿರುವ ಮಿತಿಯನ್ನು, ಎಂದರೆ ಸೂರ್ಯನ ಸುಮಾರು ಮೂರು ಪಟ್ಟನ್ನು, ಮೀರುವಂತೆ ಕಂಡಿತು. ಆದರೂ 1972ರಲ್ಲಿ ಪ್ರಕಟವಾದ ವೆಬ್‌ಸ್ಟರ್–ಮರ್ಡಿನ್ ಪ್ರಬಂಧದ ಶೀರ್ಷಿಕೆ ಪ್ರಶ್ನಾರ್ಥಕ ಚಿಹ್ನೆಯಿಂದಲೇ ಮುಗಿಯುತ್ತದೆ. ಅದು ಕಪ್ಪು ಕುಳಿಯಲ್ಲ ಎಂದು 1974ರಲ್ಲಿ ಕಿಪ್ ಥಾರ್ನ್ ಜೊತೆ ಪಂದ್ಯ ಕಟ್ಟಿದ ಸ್ಟೀಫನ್ ಹಾಕಿಂಗ್ ಸೋಲೊಪ್ಪಿದ್ದು 1990ರಲ್ಲಿ.

ಒಂದೇ ಜೋಡಿಯಿಂದ ಇಷ್ಟು ಬಗೆಯ ಬೆಳಕು ಏಕೆ? ನೀಲಿ ನಕ್ಷತ್ರ ತಾನೇ ಗೋಚರ ಮತ್ತು ನೇರಳಾತೀತ ಬೆಳಕು ಚೆಲ್ಲುತ್ತದೆ. ಅದರಿಂದ ಬೀಸುವ ಅನಿಲದ ಒಂದು ಪಾಲು ಕಪ್ಪು ಕುಳಿಯ ಸುತ್ತ ತಟ್ಟೆಯಂತೆ ಸುತ್ತುತ್ತ ಒಳಗಿಳಿಯುತ್ತದೆ. ಇಳಿದಂತೆ ಲಕ್ಷಾಂತರ ಡಿಗ್ರಿಗೆ ಕಾದು ಎಕ್ಸ್-ಕಿರಣ ಸೂಸುತ್ತದೆ. ತಟ್ಟೆಯ ಒಳಭಾಗದ ಬಳಿ ಇನ್ನೂ ಬಿಸಿಯಾದ ಎಲೆಕ್ಟ್ರಾನ್‌ಗಳು ಆ ಕಿರಣಗಳಿಗೆ ಮತ್ತಷ್ಟು ಶಕ್ತಿ ತುಂಬುತ್ತವೆ. ಸ್ವಲ್ಪ ಅನಿಲ ಚಿಲುಮೆಯಾಗಿ ಹೊರಚಿಮ್ಮುತ್ತದೆ; ಅಲ್ಲಿನ ಕಾಂತಕ್ಷೇತ್ರದಲ್ಲಿ ಸುರುಳಿ ಸುತ್ತುವ ಎಲೆಕ್ಟ್ರಾನ್‌ಗಳೇ ರೇಡಿಯೋದ ಮೂಲ. ತಟ್ಟೆಯ ಕಿರಣ ತಗ್ಗಿದಾಗ ಚಿಲುಮೆ ಎದ್ದು ಕಾಣುತ್ತದೆ. 1971ರಲ್ಲಿ ಕಂಡದ್ದು ಇದೇ ಪಲ್ಲಟ.

ಈ ಪಾಠ ನಮ್ಮ ಆಸ್ಟ್ರೋಸ್ಯಾಟ್‌ನ ವಿನ್ಯಾಸದಲ್ಲೇ ಇದೆ. 2015ರ ಸೆಪ್ಟೆಂಬರ್ 28ರಂದು ಇಸ್ರೋ ಹಾರಿಸಿದ ಈ ಉಪಗ್ರಹ ನೇರಳಾತೀತದಿಂದ ಎಕ್ಸ್-ಕಿರಣದವರೆಗೆ ಒಂದೇ ವಸ್ತುವನ್ನು ಏಕಕಾಲಕ್ಕೆ ನೋಡಬಲ್ಲದು. ಅದರ ಎಕ್ಸ್-ಕಿರಣ ಉಪಕರಣಗಳಲ್ಲಿ ಹೆಚ್ಚಿನವು ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಮುಂದಾಳತ್ವದಲ್ಲಿ, ನೇರಳಾತೀತ ದೂರದರ್ಶಕ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಮುಂದಾಳತ್ವದಲ್ಲಿ ರೂಪುಗೊಂಡವು.

ವಿಚಾರಣೆ ಇನ್ನೂ ಮುಗಿದಿಲ್ಲ. 2021ರಲ್ಲಿ ರೇಡಿಯೋ ದೂರದರ್ಶಕಗಳ ಜಾಲವೊಂದು ಸಿಗ್ನಸ್ ಎಕ್ಸ್-1ರ ದೂರವನ್ನು ಮತ್ತೆ ಅಳೆದು, ಸುಮಾರು 7,200 ಜ್ಯೋತಿರ್ವರ್ಷ ಎಂದಿತು. ದೂರ ಹೆಚ್ಚಿದ್ದರಿಂದ ತೂಕದ ಲೆಕ್ಕವೂ ಸೂರ್ಯನ 15 ಪಟ್ಟಿನಿಂದ 21 ಪಟ್ಟಿಗೆ ಏರಿತು. ಅಷ್ಟು ಭಾರದ ಕುಳಿ ಹುಟ್ಟಬೇಕಾದರೆ ಮೂಲ ನಕ್ಷತ್ರ ಬದುಕಿದ್ದಾಗ ಗಾಳಿಯ ರೂಪದಲ್ಲಿ ಕಳೆದುಕೊಂಡ ತೂಕ, ನಾವು ಎಣಿಸಿದ್ದಕ್ಕಿಂತ ಕಡಿಮೆ ಇರಬೇಕು. ರೇಡಿಯೋದ ಒಂದು ಅಳತೆ, ನಕ್ಷತ್ರಗಳು ಹೇಗೆ ಸವೆಯುತ್ತವೆ ಎಂಬ ಲೆಕ್ಕವನ್ನೇ ತಿದ್ದಿಸಿತು.